ಬಾಯ್ಲರಿನ ಕಾವಲಿಗೆ ಹಚ್ಚಿದ ವಿಭೂತಿ

"ಅಜ್ಜಾರ, ನಾ ತಪ್ಪಿದ್ರ ತಡಿಯಾಕಂತ ಕೊಟ್ರಪ್ಪನವರನ್ನ ನನ್ನ ಜೋಡಿ ಕಳಸಾಕತ್ತೀರಿ. ತಡಿಯೋ ಮನಿಷ್ಯಾನ್ನ ಹೆಂಗ ನಡೆಸಿಕೋಬೇಕ್ರಿ?"

ಹೀಗೆ ಕೇಳಿದವನು ಮುರಿಗೆಪ್ಪ. ಹನ್ನೆರಡು ವರ್ಷ ಮಠದಲ್ಲಿ ಗುರುಗಳ ಸೇವೆ ಮಾಡಿದ ಶಿಷ್ಯ. ಮರುದಿನ ಅವನು ಹೊಳೆಯಾಚೆಯ ಶಾಖಾಮಠಕ್ಕೆ ಹಿರಿಯನಾಗಿ ಹೊರಡುವವನಿದ್ದ. ಅಲ್ಲಿ ಅವನ ಮಾತೇ ಕೊನೆಯ ಮಾತು. ಆದ್ದರಿಂದ ಗುರುಗಳು ದಾಸೋಹದ ಅಡುಗೆ ಮಾಡುವ ಕೊಟ್ರಪ್ಪನನ್ನು ಜೊತೆಗೆ ಗೊತ್ತುಮಾಡಿದ್ದರು. ಕೊಟ್ರಪ್ಪನ ಬಾಯಿ ಇಡೀ ಮಠಕ್ಕೆ ಗೊತ್ತು. ಸಾರಿಗೆ ಉಪ್ಪು ಹೆಚ್ಚಾದರೂ ಹೇಳುವವನು, ಸ್ವಾಮಿಗಳ ಪ್ರವಚನ ಹೆಚ್ಚಾದರೂ ಹೇಳುವವನು.

ಮುರಿಗೆಪ್ಪನ ಕಣ್ಣು ಹೊಳೆಯುತ್ತಿದ್ದವು. ಗುರುಗಳು ಉತ್ತರ ಕೊಡುವುದರೊಳಗೆ ತಾನೇ ಹೇಳತೊಡಗಿದ.

"ನಾ ಎಲ್ಲಾ ವಿಚಾರ ಮಾಡೇನ್ರಿ. ಅವರಿಗೆ ನನಗಿಂತ ಒಂದು ಗೇಣು ಎತ್ತರದ ಗದ್ದಿಗಿ. ದಿನಾ ಮುಂಜಾನಿ ಒಂದು ಮಾಲಿ. ಎಲ್ಲಾರಕಿಂತ ಮೊದಲ ನಾನ ಅವರ ಪಾದ ಮುಟ್ಟತೇನಿ. ಅಡಿಗಿ ಕೆಲಸ ಅವರಿಗೆ ಬ್ಯಾಡ. ಸುಮ್ಮನ ಕುಂತ್ರ ಸಾಕು. ಇನ್ನೇನರ ಉಳೀತೇನ್ರಿ ಅಜ್ಜಾರ?"

ಗುರುಗಳು ನಕ್ಕರು. "ಕೂಡು ತಮ್ಮಾ. ಹಿಂಗ ಒಬ್ಬ ವ್ಯಾಪಾರಿ ಇದ್ದ. ಅವನ ಸುದ್ದಿ ಕೇಳು" ಎಂದು ಹೇಳತೊಡಗಿದರು.

ಆ ವ್ಯಾಪಾರಿ ನಮ್ಮ ಸೀಮೆಯವನೇ. ಮೆಣಸಿನಕಾಯಿ ಮಾರುತ್ತ ಮಾರುತ್ತ ಉತ್ತರದ ಹಿಮದ ಬೆಟ್ಟದ ಊರೊಂದನ್ನು ಸೇರಿ, ಅಲ್ಲಿಯೇ ಕಲ್ಲಿನ ಮನೆ ಕಟ್ಟಿಕೊಂಡು ನಿಂತಿದ್ದ. ಆ ಊರಿನಲ್ಲಿ ವರ್ಷಕ್ಕೆ ಐದು ತಿಂಗಳು ಹಿಮ. ಕೊಡದಲ್ಲಿ ತುಂಬಿಟ್ಟ ನೀರು ಬೆಳಗಾಗುವುದರೊಳಗೆ ಕಲ್ಲಾಗುತ್ತಿತ್ತು. ಅಲ್ಲಿಯ ಜನ ಖಾರ ತಿಂದು ಮೈ ಬೆಚ್ಚಗೆ ಮಾಡಿಕೊಳ್ಳುವವರು. ಅವನ ವ್ಯಾಪಾರಕ್ಕೆ ಕೊರತೆ ಇರಲಿಲ್ಲ.

ಅವನಿಗೆ ಒಬ್ಬಳೇ ಮಗಳು. ಹೆಸರು ನಿಂಬೆವ್ವ. ಅವಳನ್ನು ನಮ್ಮ ಕಡೆಯ ಊರಿಗೇ ಕೊಟ್ಟಿದ್ದ. ಅವಳು ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ವ್ಯಾಪಾರಿ ಮಗಳನ್ನು ಕರೆದುಕೊಂಡು ಹೋಗಲು ಬೀಗರ ಮನೆಗೆ ಬಂದ. ಬೀಗತಿ ನೀರು ಕೊಡುವ ಮೊದಲೇ ಮಾತಿನ ಏಟು ಕೊಟ್ಟಳು.

"ನಿಮ್ಮೂರಾಗ ನೀರು ಕುಡಿಯೂದಿಲ್ಲಂತಲ್ರಿ ಬೀಗರ, ಕಡದು ತಿಂತಾರಂತ. ಅಂಥಲ್ಲಿ ನಮ್ಮ ಸೊಸಿನ್ನ ಎಲ್ಲಿ ಮಲಗಸ್ತೀರಿ? ಮೆಣಸಿನಕಾಯಿ ಚೀಲದಾಗೇನು?"

ಮನೆಯವರೆಲ್ಲ ನಕ್ಕರು. ವ್ಯಾಪಾರಿಯೂ ನಗಲು ನೋಡಿದ, ಆಗಲಿಲ್ಲ.

"ಬೀಗತೇರ, ನನ್ನ ಮನಿಯಾಗ ಬಾಣಂತಿ ಕೋಣಿ ನಿಮ್ಮೂರ ಬ್ಯಾಸಗಿಗಿಂತ ಬೆಚ್ಚಗಿರತೈತಿ. ಕೂಸು ಒಂದು ಸಲ ಸೀನಿದ್ರೂ ತಾಯಿ ಮಕ್ಕಳನ್ನ ನಾನ ಬೆನ್ನ ಮ್ಯಾಲ ಹೊತಗೊಂಡು ತಂದು ಬಿಡತೇನಿ."

ಹಾಗೆ ಅಂದುಬಿಟ್ಟ. ಮಗಳನ್ನು ಕರೆತಂದ. ದಾರಿಯುದ್ದಕ್ಕೂ ಅವನ ತಲೆಯಲ್ಲಿ ಆ ಕೋಣೆಯೇ ತಿರುಗುತ್ತಿತ್ತು. ನಮ್ಮ ಕಡೆ ಬಾಣಂತಿಯ ಮಂಚದ ಕೆಳಗೆ ಅಗ್ಗಿಷ್ಟಿಗೆ ಇಡುತ್ತಾರೆ. ಬಾಗಿಲು ಕಿಟಕಿ ಎಲ್ಲ ಬಿಗಿಯಾಗಿ ಮುಚ್ಚುವ ಆ ಊರಿನಲ್ಲಿ ಇದ್ದಲಿನ ಕೆಂಡ ಇಟ್ಟರೆ ಮಲಗಿದವರು ಮಲಗಿದಂತೆಯೇ ಉಸಿರು ಕಟ್ಟಿ ಹೋಗುತ್ತಾರೆ. ಅದು ಅವನಿಗೆ ಗೊತ್ತಿತ್ತು. ಉಳ್ಳವರ ಮನೆಗಳಲ್ಲಿ ಬಾಯ್ಲರ್ ಇರುವುದನ್ನೂ ಅವನು ನೋಡಿದ್ದ. ಕೆಳಗಿನ ಕೋಣೆಯಲ್ಲಿ ಎಣ್ಣೆಯ ಬೆಂಕಿಯಿಂದ ನೀರು ಕಾಯುತ್ತದೆ. ಉಗಿ ಕೊಳವೆಗಳಲ್ಲಿ ಮೇಲೆ ಹತ್ತಿ ಕೋಣೆ ಕೋಣೆಯನ್ನು ಬೆಚ್ಚಗೆ ಮಾಡುತ್ತದೆ. ತಣಿದು ನೀರಾಗಿ ಮತ್ತೆ ಕೆಳಗೆ ಇಳಿಯುತ್ತದೆ. ಹೊಗೆಯೆಲ್ಲ ಚಿಮಣಿಯಿಂದ ಹೊರಗೆ. ಮಂಚದ ಬಳಿ ಒಂದು ಕಿಡಿಯೂ ಇಲ್ಲ.

ಊರು ಮುಟ್ಟಿದ ದಿನವೇ ಮಿಸ್ತ್ರಿಯನ್ನು ಹುಡುಕಿ ಹಿಡಿದ. ಅವನೂ ನಮ್ಮ ಕಡೆಯವನೇ. ರೈಲಿನ ಉಗಿ ಎಂಜಿನ್ನುಗಳ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿ, ಅರ್ಧ ಕಿವುಡನಾಗಿದ್ದವನನ್ನು ಯಾವ ಗಾಳಿಯೋ ಹೊತ್ತು ತಂದು ಆ ಬೆಟ್ಟಕ್ಕೆ ಹಾಕಿತ್ತು. ಇಬ್ಬರೂ ಅಂಗಡಿಗೆ ಹೋದರು. ಹಸಿರು ಬಣ್ಣದ ದೊಡ್ಡ ಬಾಯ್ಲರನ್ನು ವ್ಯಾಪಾರಿ ಎರಡೂ ಕೈಯಿಂದ ತಟ್ಟಿ ನೋಡಿದ. ಎತ್ತು ಕೊಳ್ಳುವವನು ಬೆನ್ನು ತಟ್ಟುವಂತೆ.

"ಇದ ಇರಲಿ. ಕಟ್ಟಿ ಕೊಡ್ರಿ" ಎಂದ.

ಮಿಸ್ತ್ರಿ ತಡೆದ. "ಬೆಂಕಿ ತಗೊಂಡ್ರಿ ಸಾವಕಾರ್ರ. ಬೆಂಕಿಗೆ ಕಾವಲು?"

"ಕಾವಲು ಯಾಕಪಾ? ಬೆಂಕಿ ಏನ್ ಕಳುವಾಗತೈತೇನು?"

"ಬೆಂಕಿ ಕಳುವಾಗೂದಿಲ್ರಿ. ಮನಿ ಕಳುವಾಗತೈತಿ. ಈ ಬಾಯ್ಲರಿನ ಮ್ಯಾಲಿನ ಕೋಣ್ಯಾಗ ಯಾರು ಮಲಗ್ತಾರ?"

ವ್ಯಾಪಾರಿ ಸರಕ್ಕನೆ ತಿರುಗಿದ. ಅಂಗಡಿಯವನಿಗೆ, "ಕಾವಲು ಎಷ್ಟದಾವೋ ಅಷ್ಟೂ ತಗೀರಿ" ಎಂದ.

ಅಂಗಡಿಯವನು ಒಂದೊಂದಾಗಿ ತೆಗೆದಿಟ್ಟ. ಮೊದಲನೆಯದು ಒಂದು ಸ್ವಿಚ್ಚು. ಉಗಿಯ ಒತ್ತಡ ಮಿತಿಗೆ ಬಂದರೆ ಬೆಂಕಿ ಆರಿಸುತ್ತದೆ, ಇಳಿದರೆ ಮತ್ತೆ ಹೊತ್ತಿಸುತ್ತದೆ. ಎರಡನೆಯದು ಸೇಫ್ಟಿ ವಾಲ್ವ್. ಸ್ವಿಚ್ಚು ಕೈಕೊಟ್ಟು ಒತ್ತಡ ಮಿತಿ ಮೀರಿದರೆ ಇದು ತಾನೇ ಬಾಯಿ ತೆರೆದು ಉಗಿಯನ್ನು ಹೊರಗೆ ಬಿಡುತ್ತದೆ. ಮೂರನೆಯದು ನೀರಿನ ಕಾವಲು. ಬಾಯ್ಲರಿನಲ್ಲಿ ನೀರು ತಗ್ಗಿದರೆ ಇದು ಬೆಂಕಿಗೆ ಹೋಗುವ ಎಣ್ಣೆಯನ್ನು ನಿಲ್ಲಿಸುತ್ತದೆ.

ಮೊದಲಿನ ಎರಡಕ್ಕೆ ತಕರಾರು ಇರಲಿಲ್ಲ. ಮೂರನೆಯದರಲ್ಲಿ ಎರಡು ಬಗೆ ಇದ್ದವು. ಒಂದು ಕನ್ನಡಿಯಂತೆ ಹೊಳೆಯುವ ಮುಚ್ಚಿದ ಡಬ್ಬಿ. ಸದ್ದಿಲ್ಲ, ಗದ್ದಲವಿಲ್ಲ. ಕೂಡಿಸಿ ಮರೆತುಬಿಡಬಹುದು ಎಂದ ಅಂಗಡಿಯವನು. ಇನ್ನೊಂದು ಕರಿಯ ಕಬ್ಬಿಣದ ಗಡಿಗೆ. ಒಳಗೆ ಪೊಳ್ಳು ತಾಮ್ರದ ಗುಂಡು ನೀರಿನ ಮೇಲೆ ತೇಲುತ್ತದೆ. ನೀರು ಇಳಿದರೆ ಗುಂಡೂ ಇಳಿದು ಬೆಂಕಿ ಆರಿಸುತ್ತದೆ, ಗಂಟೆ ಬಾರಿಸುತ್ತದೆ. ಗಡಿಗೆಯ ತಳಕ್ಕೆ ಒಂದು ನಲ್ಲಿ. ವಾರಕ್ಕೊಮ್ಮೆ ಆ ನಲ್ಲಿ ತಿರುಗಿಸಿ ಗಡಿಗೆಯ ನೀರು ಬಸಿಯಬೇಕು. ಗುಂಡು ಇಳಿಯುತ್ತದೋ ಇಲ್ಲವೋ ನೋಡಬೇಕು.

"ಹೊಳೆಯೂದ ಛಲೋ ಐತಲ್ಲೋ ಮಿಸ್ತ್ರಿ."

"ಆ ಡಬ್ಬಿ ಬದುಕೈತೋ ಸತ್ತೈತೋ ಹೊರಗಿಂದ ನಿಮಗ ಹೆಂಗ ತಿಳಿತೈತ್ರಿ? ನೀವು ಬೇಕಂದಾಗ ನಿಮ್ಮ ಮುಂದ ಕೂಗೂದನ್ನ ತಗೋರಿ."

ವ್ಯಾಪಾರಿ ಕರಿಯ ಗಡಿಗೆಯನ್ನೇ ಎತ್ತಿಕೊಂಡ.

ಕೂಡಿಸುವ ಕೆಲಸ ನಾಲ್ಕು ದಿನ ನಡೆಯಿತು. ವ್ಯಾಪಾರಿ ಆ ನಾಲ್ಕು ದಿನವೂ ಅಂಗಡಿ ತೆರೆಯಲಿಲ್ಲ. ಮಿಸ್ತ್ರಿಯ ಹೆಗಲ ಮೇಲೆ ಮುಖ ಇಟ್ಟುಕೊಂಡೇ ನಿಂತಿದ್ದ. ಸೇಫ್ಟಿ ವಾಲ್ವಿನ ಕೆಳಗೆ ಒಂದು ನಲ್ಲಿ ಇರಲಿ, ಸೋರಿದರೆ ಬಂದ್ ಮಾಡಬಹುದು ಎಂದ. ಮಿಸ್ತ್ರಿ ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟ.

"ಕಾವಲುಗಾರನ್ನ ಒಳಗ ಕೂಡಿಸಿ ಹೊರಗಿಂದ ಚಿಲಕ ಹಾಕ್ತೀರೇನ್ರಿ?"

ವಾಲ್ವಿನ ಬಾಯಿಗೆ ಕೊಳವೆ ಕೂಡಿಸಿ ನೆಲದ ಹತ್ತಿರಕ್ಕೆ ಇಳಿಸಿದ. ಬಾಯಿ ತೆರೆದರೆ ಉಗಿ ಎದುರಿಗಿದ್ದವರ ಮುಖಕ್ಕೆ ಬಡಿಯಬಾರದಲ್ಲ. ಎಣ್ಣೆಯ ನಲ್ಲಿಯನ್ನು ಬಾಯ್ಲರ್ ಕೋಣೆಯ ಒಳಗೆ ಇಡದೆ ಬಾಗಿಲಾಚೆ ಗೋಡೆಗೆ ಕೂಡಿಸಿದ. ನೀರು ಎಷ್ಟಿದೆ ಎಂದು ತೋರಿಸುವ ಗಾಜಿನ ಕೊಳವೆಗೆ ಪಕ್ಕದಲ್ಲಿ ಕೆಂಪು ಬಣ್ಣದ ಗೆರೆ ಎಳೆದ. "ನೀರು ದಿನಾ ಈ ಗೆರಿಗೆ ಇರಬೇಕು. ಕಮ್ಮಿ ಕಂಡ್ರ ಹಾಕಬೇಕು" ಎಂದ. ಗಂಟೆಯನ್ನು ಮೇಲಿನ ಪಡಸಾಲೆಯಲ್ಲಿ, ಎಲ್ಲರ ಕಿವಿಗೆ ಬೀಳುವಂತೆ ತೂಗು ಹಾಕಿದ.

ಐದನೆಯ ದಿನ ಬೆಂಕಿ ಹೊತ್ತಿತು. ಕೊಳವೆಗಳು ಟಣ್ ಟಣ್ ಎಂದವು. ಉಗಿ ಮೇಲೆ ಹತ್ತಿತು. ವ್ಯಾಪಾರಿ ಮೆಟ್ಟಿಲು ಎರಡೆರಡಾಗಿ ಹಾರಿ ಮೇಲೆ ಓಡಿದ. ಕೋಣೆಯ ಕಬ್ಬಿಣದ ಕೊಳವೆ ಮುಟ್ಟಿ ಕೈ ಸುಟ್ಟುಕೊಂಡ. ಸುಟ್ಟ ಕೈ ಝಾಡಿಸುತ್ತ ಕೂಗಿದ.

"ಏ ಇವಳ! ಬಾರ! ಬ್ಯಾಸಗಿ ಬಂತು, ಬ್ಯಾಸಗಿ!"

ಮಿಸ್ತ್ರಿ ಕೆಳಗಿನಿಂದ ಕರೆದ. "ಇನ್ನೂ ಮುಗಿದಿಲ್ರಿ ಸಾವಕಾರ್ರ. ಕಾವಲು ಕೆಲಸ ಮಾಡತೈತೋ ಇಲ್ಲೋ ನೋಡೂಣು ಬರ್ರಿ."

ವ್ಯಾಪಾರಿ ಇಳಿದು ಬಂದ. ಮಿಸ್ತ್ರಿ ಗಡಿಗೆಯ ನಲ್ಲಿ ತಿರುಗಿಸಿದ. ನೀರು ಬಕೆಟ್ಟಿಗೆ ಸುರಿಯಿತು. ಎಣಿಸಿದರೆ ಐದೂ ಆಗಿರಲಿಲ್ಲ, ಬೆಂಕಿ ಆರಿತು. ಮೇಲೆ ಗಂಟೆ ಕಿರ್ರೆಂದು ಕಿರುಚಿತು. ಮನೆಯೆಲ್ಲ ಎದ್ದು ಕುಳಿತಂತಾಯಿತು. ವ್ಯಾಪಾರಿ ಗಕ್ಕನೆ ನಿಂತ. ಆಮೇಲೆ ಚಪ್ಪಾಳೆ ತಟ್ಟಿದ.

"ಆರಸ್ತಲ್ಲೋ! ನನ್ನ ಮನಿ ಬೆಂಕಿ, ನನ್ನ ಕೇಳಲಾರದ ಆರಸ್ತಲ್ಲೋ! ಮತ್ತೊಮ್ಮೆ ಮಾಡು!"

ನಾಲ್ಕು ಸಲ ಮಾಡಿಸಿದ. ನಾಲ್ಕು ಸಲವೂ ಆರಿತು. ಐದನೆಯ ಸಲ ತಾನೇ ನಲ್ಲಿ ತಿರುಗಿಸಿದ. ಹೆಂಡತಿ ಕಿವಿ ಮುಚ್ಚಿಕೊಂಡು ಮೆಟ್ಟಿಲ ಮೇಲೆ ನಿಂತು, "ಏನ್ರೀ, ನಿಮಗ ಎಷ್ಟು ವಯಸ್ಸಾತು?" ಎಂದಳು.

ಹೊರಡುವಾಗ ಮಿಸ್ತ್ರಿ ಹೇಳಿದ. "ಸೋಮವಾರಕ್ಕೊಮ್ಮೆ ಹಿಂಗ ಬಸೀರಿ. ಮೊದಲ ಕೆಂಪು ರಾಡಿ ಬರತೈತಿ, ಆಮ್ಯಾಲ ತಿಳಿನೀರು. ಬೆಂಕಿ ಆರಬೇಕು, ಗಂಟಿ ಕೂಗಬೇಕು. ಕೂಗಲಿಲ್ಲಂದ್ರ ಅವತ್ತ ನನ್ನ ಕರೀರಿ."

"ಸೋಮವಾರ ತಪ್ಪಿದ್ರ ಕೇಳು" ಎಂದ ವ್ಯಾಪಾರಿ.

ಮೂರು ಸೋಮವಾರ ತಪ್ಪಲಿಲ್ಲ. ನಿಂಬೆವ್ವ ಹಡೆದಳು. ಹೆಣ್ಣು ಕೂಸು. ಬಾಯ್ಲರಿನ ಮೇಲಿನ ಕೋಣೆಯೇ ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿನದು. ತಾಯಿ ಮಗಳನ್ನು ಅಲ್ಲಿ ಮಲಗಿಸಿದರು. ಹೊರಗೆ ಹಿಮ ಬೀಳುತ್ತಿತ್ತು. ಒಳಗೆ ಕೂಸು ತೆಳುವಾದ ಅಂಗಿಯಲ್ಲಿ ಕೈಕಾಲು ಬಡಿಯುತ್ತಿತ್ತು. ವ್ಯಾಪಾರಿ ಬೀಗತಿಗೆ ಪತ್ರ ಬರೆಸಿದ. ಕೂಸು ಈವರೆಗೆ ಒಂದೇ ಒಂದು ಸಲ ಸೀನಿದೆ, ಅದೂ ನಿಮ್ಮ ಹೆಸರು ತೆಗೆದಾಗ ಎಂದು ಬರೆಸಿದ.

ಹೀಗಿರುವಾಗ ಮಹಾನವಮಿ ಬಂತು. ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ. ಯಾವ ಸೀಮೆಗೆ ಹೋದರೂ ನಮ್ಮವರು ಅದನ್ನು ಬಿಡುವುದಿಲ್ಲ. ವ್ಯಾಪಾರಿ ತಕ್ಕಡಿಗೆ, ತೂಕದ ಕಲ್ಲಿಗೆ, ಚೀಲ ಹೊಲಿಯುವ ದಬ್ಬಣಕ್ಕೆ ಪೂಜೆ ಮಾಡಿದ. ಆಮೇಲೆ ಬಾಯ್ಲರ್ ಕೋಣೆಗೆ ಬಂದ. ಕರಿಯ ಗಡಿಗೆಯ ಮುಂದೆ ನಿಂತಾಗ ಅವನ ಕಣ್ಣು ತುಂಬಿ ಬಂದವು. ಮೇಲೆ ಕೂಸು ಅಳುವುದು ಕೇಳುತ್ತಿತ್ತು. ನನ್ನ ಮಗಳನ್ನೂ ಮೊಮ್ಮಗಳನ್ನೂ ಕಾಯುತ್ತಿರುವುದು ಇದೇ ಅಲ್ಲವೇ ಎಂದುಕೊಂಡ. ಗಡಿಗೆಗೆ ವಿಭೂತಿಯ ಮೂರು ಬೆರಳು ಎಳೆದ. ಗಾಜಿನ ಕೊಳವೆಗೂ ಎಳೆದ. ನಲ್ಲಿಗೆ ಮಾಲೆ ಹಾಕಿ ಕೈಮುಗಿದ.

ಒಂದು ದಿನಕ್ಕೆ ಮುಗಿದಿದ್ದರೆ ತೊಂದರೆ ಇರಲಿಲ್ಲ. ಅವನಿಗೆ ಬಿಡಲು ಮನಸ್ಸಾಗಲಿಲ್ಲ. ಮರುದಿನವೂ ಪೂಜೆ ಮಾಡಿದ. ಅದರ ಮರುದಿನವೂ ಮಾಡಿದ. ದಿನಾ ಸ್ನಾನ ಮಾಡಿ ಮಡಿಯಲ್ಲಿ ಇಳಿದು ಬರುತ್ತಿದ್ದ. ವಿಭೂತಿ, ಕುಂಕುಮ, ಊದಿನಕಡ್ಡಿ, ಸಕ್ಕರೆ ನೈವೇದ್ಯ. ನಿನ್ನೆಯ ವಿಭೂತಿಯ ಮೇಲೆ ಇವತ್ತಿನದು. ದೇವರ ಹಣೆಯ ವಿಭೂತಿಯನ್ನು ಯಾರಾದರೂ ಒರೆಸುತ್ತಾರೆಯೇ? ಹತ್ತು ದಿನದಲ್ಲಿ ಗಾಜು ಗೋಡೆಯಂತಾಯಿತು. ಒಳಗಿನ ನೀರು ಕಾಣದಾಯಿತು. ವ್ಯಾಪಾರಿ ನೋಡಲೂ ಇಲ್ಲ. ಕಣ್ಣು ಮುಚ್ಚಿಯೇ ಅದರ ಮುಂದೆ ನಿಲ್ಲುತ್ತಿದ್ದ.

ಸೋಮವಾರ ಬಂತು. ಶಿವನ ವಾರ. ಪೂಜೆಗೊಂಡ ಗಡಿಗೆಯ ಹೊಟ್ಟೆಯಿಂದ ಅವತ್ತೇ ರಾಡಿ ಬಸಿಯುವುದು ಹೇಗೆ? ಮಂಗಳವಾರ ಬಸಿದರಾಯಿತು ಎಂದುಕೊಂಡ. ಮಂಗಳವಾರ ಮನೆಯ ಬೆಂಕಿ ಆರಿಸಬಾರದು ಎಂದಳು ಹೆಂಡತಿ. ಬುಧವಾರ ಅಂಗಡಿಗೆ ಗಿರಾಕಿಗಳು ಬಂದರು. ಗುರುವಾರ ನಲ್ಲಿಯ ಮೇಲೆ ಹೊಸ ಮಾಲೆ ಇತ್ತು. ಕೀಳಲು ಕೈ ಬರಲಿಲ್ಲ. ಮೇಲಾಗಿ ಗಂಟೆ ಕೂಗಿದರೆ ಕೂಸು ಬೆಚ್ಚುತ್ತದೆ. ಇಷ್ಟು ಭಕ್ತಿಯಿಂದ ನಡೆದುಕೊಂಡವನನ್ನು ಅದು ಕೈಬಿಡುತ್ತದೆಯೇ ಎಂದು ಸಮಾಧಾನ ಮಾಡಿಕೊಂಡ. ಹಾಗೆ ಒಂದು ಸೋಮವಾರ ಹೋಯಿತು. ಒಂದು ಹೋದ ಮೇಲೆ ಉಳಿದವಕ್ಕೆ ದಾರಿ ಸಲೀಸಾಯಿತು. ನೆರೆಯವರನ್ನು ಕರೆತಂದು ತೋರಿಸುತ್ತಿದ್ದ. "ನೋಡ್ರಿ, ಒಂದು ಮಾತಿಲ್ಲ, ಕತಿಯಿಲ್ಲ. ಎಷ್ಟು ಶಾಂತ ಐತಿ!" ಅವರೂ ಕೈಮುಗಿದು ಹೋಗುತ್ತಿದ್ದರು.

ಎರಡು ತಿಂಗಳು ಕಳೆದವು. ಒಂದು ದಿನ ಮುಂಜಾನೆ ನಿಂಬೆವ್ವ ಮೇಲಿನಿಂದ ಕೂಗಿದಳು.

"ಅಪ್ಪಾ, ಕೋಣಿ ತಣ್ಣಗಾಗೇತಿ. ಕೂಸಿನ ಕೈ ನೋಡು, ಮಂಜಿನಂಗ ಆಗ್ಯಾವು."

ವ್ಯಾಪಾರಿ ಇಳಿದು ನೋಡಿದ. ಬೆಂಕಿ ಭರ್ರೆಂದು ಉರಿಯುತ್ತಿತ್ತು. ಬೆಂಕಿ ಉರಿಯುತ್ತಿದೆ, ಕೋಣೆ ತಣ್ಣಗಿದೆ. ಅವನಿಗೆ ಇದು ತಲೆಗೆ ಹೋಗಲಿಲ್ಲ. ಎರಡು ಊದಿನಕಡ್ಡಿ ಹೆಚ್ಚಿಗೆ ಹಚ್ಚಿದ. ಹೆಂಡತಿ ಕೂಸನ್ನು ಎದೆಗೆ ಅವುಚಿಕೊಂಡು ಕಂಬಳಿ ಹೊದ್ದಳು. ಬೀಗತಿಯ ಮುಖ ಅವನ ಕಣ್ಣ ಮುಂದೆ ಬಂತು. ಅವನಿಗೆ ಸಿಟ್ಟು ಬಂತು. ಮಿಸ್ತ್ರಿಯನ್ನು ತರಾಟೆಗೆ ತೆಗೆದುಕೊಳ್ಳಬೇಕೆಂದು ಹಿಮ ತುಳಿಯುತ್ತ ಹೊರಟ.

ಮಿಸ್ತ್ರಿ ಇಳಿಜಾರಿನ ಚಹಾದಂಗಡಿಯಲ್ಲಿ ಕುಳಿತಿದ್ದ.

"ಏ ಮಿಸ್ತ್ರಿ, ಎಂಥಾ ಬಾಯ್ಲರ್ ಕೂಡಿಸಿದ್ಯೋ? ಬೆಂಕಿ ಉರಿಯಾಕತ್ತೈತಿ, ಉಗಿನ ಇಲ್ಲ. ನನ್ನ ಮೊಮ್ಮಗಳು ನಡಗಾಕತ್ಯಾಳ."

"ಉಗಿ ಇಲ್ಲ?" ಎಂದ ಮಿಸ್ತ್ರಿ. "ಮೊನ್ನಿ ಸೋಮವಾರ ಗಂಟಿ ಕೂಗ್ತೇನ್ರಿ?"

ವ್ಯಾಪಾರಿ ಎದೆ ಉಬ್ಬಿಸಿದ. "ಗಂಟಿ? ಎರಡು ತಿಂಗಳಿಂದ ಒಮ್ಮೆರ ಬಾಯಿ ಬಿಟ್ಟಿಲ್ಲ!"

ಮಿಸ್ತ್ರಿಯ ಕೈಯಿಂದ ಬಟ್ಟಲು ಬಿತ್ತು. ಅವನು ಬಾಗಿಲ ಕಡೆ ನೋಡಲಿಲ್ಲ, ಬೆಂಚಿನ ಮೇಲಿಂದ ಹಾರಿಯೇ ಹೊರಗೆ ಬಿದ್ದ. ಅರವತ್ತು ದಾಟಿದ ಮುದುಕ ಏರು ದಾರಿಯಲ್ಲಿ ಹಿಮ ಸಿಡಿಸುತ್ತ ಓಡಿದ. ವ್ಯಾಪಾರಿ ಹಿಂದೆ ಓಡಿದ. ಯಾಕೆ ಓಡುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ಎರಡು ಸಲ ಜಾರಿ ಬಿದ್ದ, ಕಾಲಿನ ಜೋಡು ಹಿಮದಲ್ಲೇ ಉಳಿದವು. ಎದ್ದು ಮತ್ತೆ ಓಡಿದ. ತಿರುವಿನಲ್ಲಿ ಮನೆ ಕಂಡಿತು. ಚಿಮಣಿಯಿಂದ ಹೊಗೆ ಏಳುತ್ತಿತ್ತು. ಮೇಲಿನ ಕೋಣೆಯ ಕಿಟಕಿಯಲ್ಲಿ ನಿಂಬೆವ್ವ ಕೂಸನ್ನೆತ್ತಿಕೊಂಡು ನಿಂತಿದ್ದಳು. ತನ್ನ ತಂದೆ ಬರುವುದನ್ನು ಕೂಸಿಗೆ ಬೆರಳಿಟ್ಟು ತೋರಿಸುತ್ತಿದ್ದಳು.

ಮಿಸ್ತ್ರಿ ಬಾಯ್ಲರ್ ಕೋಣೆಗೆ ನುಗ್ಗಿದ. ಗಾಜಿನ ಮೇಲೆ ಹೆಬ್ಬೆರಳು ಒತ್ತಿ ವಿಭೂತಿಯನ್ನು ಕೆರೆದು ತೆಗೆದ. ಕೆಂಪು ಗೆರೆ ಕಂಡಿತು. ನೀರು ಕಾಣಲಿಲ್ಲ. ಇನ್ನೂ ಕೆಳಗೆ ಕೆರೆದ. ತಳದವರೆಗೂ ಗಾಜು ಬರಿದು. ಹಸಿರು ಬಾಯ್ಲರಿನ ಬಣ್ಣ ಕೆಳಗಡೆ ಸುಟ್ಟು ಹೊಪ್ಪಳಿಕೆ ಎದ್ದಿತ್ತು. ಎಲ್ಲಿಯೋ ಒಂದು ಕೊಳವೆಯ ಸಂದಿನಲ್ಲಿ ಉಗಿ ದಿನಾ ಒಂದಿಷ್ಟು ಸೋರಿತ್ತು. ದಿನಾ ಒಂದಿಷ್ಟು ನೀರು ತಗ್ಗಿತ್ತು. ಯಾರೂ ನೋಡಿರಲಿಲ್ಲ. ನೀರಿಲ್ಲದ್ದಕ್ಕೆ ಉಗಿಯಿಲ್ಲ, ಉಗಿಯಿಲ್ಲದ್ದಕ್ಕೆ ಒತ್ತಡವಿಲ್ಲ. ಒತ್ತಡ ನೋಡುವ ಸ್ವಿಚ್ಚಿಗೂ ವಾಲ್ವಿಗೂ ಎಲ್ಲ ಸುಖವಾಗಿಯೇ ಕಂಡಿತ್ತು. ಒತ್ತಡ ಕಡಿಮೆ ಇದೆ, ಇನ್ನಷ್ಟು ಉರಿ ಎಂದು ಸ್ವಿಚ್ಚು ಬೆಂಕಿಗೆ ಹೇಳುತ್ತಲೇ ಇತ್ತು. ಇದು ತಪ್ಪು ಎಂದು ಹೇಳಬೇಕಾದದ್ದು ಮೂರನೆಯದು. ಅದು ಮಾಲೆ ಹಾಕಿಕೊಂಡು ಸುಮ್ಮನೆ ಕುಳಿತಿತ್ತು.

ಬರಿದಾದ ಗಾಜು ನೋಡಿದ್ದೇ ವ್ಯಾಪಾರಿ ಮೂಲೆಯಲ್ಲಿದ್ದ ಬಕೆಟ್ಟು ಎತ್ತಿಕೊಂಡ. ತುಂಬ ತಣ್ಣೀರು ಇತ್ತು.

"ನೀರು ಹಾಕತೇನಿ, ಅತ್ತ ಸರಿ! ನೀರು ಹಾಕಿದ್ರಾತು!"

ಮಿಸ್ತ್ರಿ ಬಕೆಟ್ಟಿಗೆ ಒದ್ದ. ನೀರು ಬಾಗಿಲಾಚೆ ಚೆಲ್ಲಿತು. ವ್ಯಾಪಾರಿಯ ರಟ್ಟೆ ಹಿಡಿದು ಹೊರಗೆ ಎಳೆದ.

"ಕೆಂಪಗ ಕಾದೈತ್ರಿ ಅದು! ಒಂದು ಬಕೆಟ್ ತಣ್ಣೀರು ಹಾಕಿದ್ರ ನೀರೆಲ್ಲಾ ಒಮ್ಮಿಲೆ ಉಗಿಯಾಗಿ ಮನಿ ಹಾರತೈತಿ! ಓಡ್ರಿ, ಮ್ಯಾಲಿನವರನ್ನ ಹೊರಗ ಹಾಕ್ರಿ!"

ಎಣ್ಣೆಯ ನಲ್ಲಿ ಬಾಗಿಲಾಚೆ ಇತ್ತು. ಮಿಸ್ತ್ರಿ ಎರಡೂ ಕೈಯಿಂದ ತಿರುಗಿಸಿದ. ಬೆಂಕಿ ಒಮ್ಮೆ ಕೆಮ್ಮಿ ಆರಿತು. ಬೆಂಕಿ ಆರಿದರೂ ಕಾದ ಕಬ್ಬಿಣ ಕಾದೇ ಇತ್ತು. ಒಳಗಿನಿಂದ ಟಕ್ ಟಕ್ ಎಂದು ಸದ್ದು ಬರುತ್ತಿತ್ತು. ಅದು ತಣಿಯುತ್ತದೋ, ಬಿರಿಯುತ್ತದೋ, ಹೇಳುವಂತಿರಲಿಲ್ಲ.

ವ್ಯಾಪಾರಿ ಮೆಟ್ಟಿಲು ಹತ್ತಿದ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಏನ್ರೀ ನಿಮಗ ಬುದ್ಧಿ ಐತೇನು? ಐದು ತಿಂಗಳು ತುಂಬಲಾರದ ಬಾಣಂತಿ ಹೊಸ್ತಲ ದಾಟತಾಳೇನು? ಅದೂ ಹಿಮದಾಗ?"

ವ್ಯಾಪಾರಿ ವಾದಕ್ಕೆ ನಿಲ್ಲಲಿಲ್ಲ. ಕೂಸನ್ನು ಕಂಬಳಿಯಲ್ಲಿ ಸುತ್ತಿ ಹೆಂಡತಿಯ ತೋಳಿಗೆ ತುರುಕಿದ. ಮಗಳನ್ನು ಬೆನ್ನಿಗೆ ಹಾಕಿಕೊಂಡ. ಬರಿಗಾಲಿನಲ್ಲಿ ಮೊಣಕಾಲುದ್ದ ಹಿಮಕ್ಕೆ ಇಳಿದ. ಬೆನ್ನ ಮೇಲಿಂದ ನಿಂಬೆವ್ವ, "ಅಪ್ಪಾ, ನಿನ್ನ ಎದಿ ನಗಾರಿ ಬಡದಂಗ ಬಡಿಯಾಕತ್ತೈತಿ" ಎಂದಳು. ಅವನು ಎದುರುಮನೆಯ ಬಾಗಿಲನ್ನು ತಲೆಯಿಂದಲೇ ಗುದ್ದಿ ತೆರೆಸಿದ. ಅವರನ್ನು ಒಲೆಯ ಹತ್ತಿರ ಕೂಡಿಸಿದ. ಆಮೇಲೆ ತಿರುಗಿ ಬಂದು ದಾರಿಯಲ್ಲಿ ಮಿಸ್ತ್ರಿಯ ಪಕ್ಕ ನಿಂತ. ಇಬ್ಬರೂ ಮನೆ ನೋಡುತ್ತ ನಿಂತರು. ಟಕ್ ಟಕ್ ಸದ್ದು ಎಣಿಸುತ್ತಿದ್ದರು. ಸದ್ದು ಬರಬರುತ್ತ ವಿರಳವಾಯಿತು. ಹೊತ್ತು ನೆತ್ತಿಗೆ ಬರುವಾಗ ನಿಂತಿತು. ಮನೆ ನಿಂತಲ್ಲೇ ಇತ್ತು.

ಮಿಸ್ತ್ರಿ ಒಳಗೆ ಹೋಗಿ ಗಡಿಗೆಯ ಮಾಲೆ ಕಿತ್ತ. ಮುಚ್ಚಳ ಬಿಚ್ಚಿದ. ಒಳಗೆ ಹುತ್ತದ ಮಣ್ಣಿನಂಥ ಕೆಂಪು ರಾಡಿ ಗಟ್ಟಿಯಾಗಿ ಕುಳಿತಿತ್ತು. ತಾಮ್ರದ ಗುಂಡು ಮೇಲೆಯೇ ಅದರಲ್ಲಿ ಹೂತುಹೋಗಿತ್ತು. ಇಳಿಯಲು ಜಾಗವೇ ಇರಲಿಲ್ಲ.

ವ್ಯಾಪಾರಿ ನೆಲಕ್ಕೆ ಕುಸಿದ. ಹಿಮದಿಂದ ಕಾಲು ಕಂದಿಹೋಗಿದ್ದವು. ಅಳುತ್ತ ಹೇಳಿದ.

"ದಿನಾ ಪೂಜಿ ಮಾಡಿದೆನಲ್ಲೋ ಮಿಸ್ತ್ರಿ. ಒಂದ ದಿನಾನೂ ತಪ್ಪಿಸಲಿಲ್ಲ. ಆದ್ರೂ ಇದು ನನಗ ಒಂದು ಮಾತು ಹೇಳಲಿಲ್ಲ."

"ಹೆಂಗ ಹೇಳತೈತ್ರಿ? ಅದು ಹುಟ್ಟಿದ್ದ ನಿಮ್ಮ ಬೆಂಕಿ ಆರಸಾಕ. ಆ ಕೆಲಸ ಅದರ ಕೈಯಿಂದ ಕಸಗೊಂಡ್ರಿ. ಮ್ಯಾಲ ಸಕ್ಕರಿ ತಿನಿಸಿದ್ರಿ."

ಮೂರು ದಿನ ಮಿಸ್ತ್ರಿ ಬಾಯ್ಲರಿನ ಮೈಯೆಲ್ಲ ಸುತ್ತಿಗೆಯಿಂದ ತಟ್ಟಿ ತಟ್ಟಿ ಕಿವಿಗೊಟ್ಟು ಕೇಳಿದ. ಬಿರುಕು ಬಿಟ್ಟ ಒಂದು ಭಾಗ ತೆಗೆದು ಹೊಸದು ಕೂಡಿಸಿದ. ಸೋರುವ ಸಂದು ಬಿಗಿದ. ಗಡಿಗೆ ತೊಳೆದ. ಗಾಜು ಒರೆಸಿದ. ನಾಲ್ಕನೆಯ ದಿನ ನೀರು ತುಂಬಿ ಬೆಂಕಿ ಹಚ್ಚಿದರು. ಕೋಣೆ ಬೆಚ್ಚಗಾಯಿತು. ತಾಯಿ ಮಗಳು ಮನೆಗೆ ಬಂದರು. ವ್ಯಾಪಾರಿ ಕೆಳಗೆ ಇಳಿದು ನಲ್ಲಿಗೆ ಕೈ ಹಾಕಿದ. ತಿರುಗಿಸಿದ. ಬೆಂಕಿ ಆರಿತು. ಗಂಟೆ ಕಿರುಚಿತು. ಮೇಲೆ ಕೂಸು ಬೆಚ್ಚಿ ಬಿದ್ದು ಅಳತೊಡಗಿತು.

"ಅಪ್ಪಾ, ಈಗ ಕಣ್ಣು ಮುಚ್ಚಿತ್ತು ಕೂಸು!" ಎಂದು ನಿಂಬೆವ್ವ ಬೈದಳು.

"ಅಳಲಿ ಬಿಡವ್ವಾ, ಅಳಲಿ!" ಎಂದು ವ್ಯಾಪಾರಿ ಕೆಳಗಿನಿಂದ ಕುಣಿಯುತ್ತ ಕೂಗಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮುರಿಗೆಪ್ಪ ಮುಂದಕ್ಕೆ ಸರಿದು ಕುಳಿತಿದ್ದ. ಅವನ ಉಸಿರು ಈಗಷ್ಟೇ ಏರು ದಾರಿ ಹತ್ತಿ ಬಂದವನಂತೆ ಆಡುತ್ತಿತ್ತು.

"ಆಮ್ಯಾಲ ಅಂವಾ ಪೂಜಿ ಬಿಟ್ಟನೇನ್ರಿ ಅಜ್ಜಾರ?"

"ಬಿಡಲಿಲ್ಲ. ಗಂಟಿ ಕೂಗಿದ ಮ್ಯಾಲ ಮಾಡತಿದ್ದ" ಎಂದರು ಗುರುಗಳು.

ಮುರಿಗೆಪ್ಪ ತೊಡೆ ತಟ್ಟಿಕೊಂಡ. "ತಿಳೀತ್ರಿ! ಗದ್ದಿಗಿ ಬ್ಯಾಡ, ಮಾಲಿ ಬ್ಯಾಡ. ಕೊಟ್ರಪ್ಪನವರು ಅಡಿಗಿ ಮನ್ಯಾಗ ಇರಲಿ, ಬಾಯಿ ಅವರದ ಇರಲಿ. ನಾ ಹೋದ ಮರುದಿನಾನ ಬೇಕಂತ ಒಂದು ತಪ್ಪು ಅಪ್ಪಣಿ ಕೊಡತೇನಿ. ಅವರು ನನ್ನ ತಡೀತಾರೋ ಇಲ್ಲೋ ನೋಡತೇನಿ. ತಡೆದ್ರ ಆಗ ಪಾದ ಮುಟ್ಟತೇನಿ. ಸರಿ ಐತಲ್ರಿ ಅಜ್ಜಾರ?"

ಹೇಳಿ, ರೂಢಿಯಂತೆ ಗುರುಗಳ ಪಾದಕ್ಕೆ ಬಾಗಿದ.

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದರು: "ಹನ್ನೆರಡು ವರ್ಷದಿಂದ ನಾನೂ ನಿನಗ ಆಗಾಗ ಬೇಕಂತ ತಪ್ಪು ಅಪ್ಪಣಿ ಕೊಟ್ಟು ನೋಡತ ಬಂದೇನಿ, ಮುರಿಗೆಪ್ಪಾ, ನೀ ಒಂದು ಸಲಾನೂ ಬ್ಯಾಡ ಅನಲಿಲ್ಲ."